ಸತ್ತವರ ಟೋಪಿಯ ಬಿಲ್ಲೆಗಳು

ಹಿಕರಿ ಕೊಳ್ಳ, ಮಿಸೌರಿ
ಫೆಬ್ರವರಿ 20, 1978

ಪ್ರೀತಿಯ ತಮ್ಮ ಡೆಲ್ಮರ್‌ಗೆ,

ಆರು ಡಬ್ಬಿ ಕಳಿಸಿದ್ದೇನೆ. ತಲುಪಿದ ಕೂಡಲೇ ಎರಡು ಸಾಲು ಬರೆ. ಇಲ್ಲದಿದ್ದರೆ ಡಬ್ಬಿ ಎಲ್ಲೋ ಬಿಸಿಲಿಗೆ ಕೂತು, ಒಳಗಿನ ಕೊಬ್ಬು ಕರಗಿ, ಅಂಚೆಚೀಲದಲ್ಲಿ ಯಾರದೋ ಮದುವೆ ಕಾಗದ ಹಾಳಾಯಿತು ಎಂದು ನಾನಿಲ್ಲಿ ಯೋಚಿಸುತ್ತ ಕೂರುತ್ತೇನೆ. ಫೆಬ್ರವರಿಯಲ್ಲಿ ಎಲ್ಲಿಯ ಬಿಸಿಲು ಎಂದು ನೀನು ನಗುತ್ತೀಯ, ಗೊತ್ತು.

ಈ ಸಲ ನಿನ್ನ ಹಳೇ ಕಾಲದ ರಿವಾಲ್ವರಿನವರಿಗೆ ಕತ್ತರಿಸಿದ ಬಿಲ್ಲೆಗಳು ಆರ್ಲೊ ಬಾಯ್ಡ್‌ಸ್ಟನ್‌ನ ಉಣ್ಣೆಯ ಫೆಲ್ಟ್ ಟೋಪಿಯವು. ಜನವರಿಯಲ್ಲಿ ತೀರಿಕೊಂಡ. ಅವನ ಹೆಂಡತಿ ಓಪಲ್ ತಾನೇ ನಡೆದು ಬಂದು ಎರಡು ಟೋಪಿ ಕೊಟ್ಟಳು. ಇಲ್ಲೀಗ ಅದೇ ರೂಢಿಯಾಗಿಬಿಟ್ಟಿದೆ. ಗಂಡ ಸತ್ತರೆ ಕೋಟು ಚರ್ಚಿಗೆ, ಟೋಪಿ ನನಗೆ. ಒಳಗಿನ ಬೆವರುಪಟ್ಟಿ ಮಾತ್ರ ಬಿಚ್ಚಿ ವಾಪಸು ಕೊಡುತ್ತೇನೆ, ಅದನ್ನವರು ಬೈಬಲ್ಲಿನೊಳಗೆ ಇಟ್ಟುಕೊಳ್ಳುತ್ತಾರೆ. ಓಪಲ್ ಅಂದಳು, "ನೋಡೇ, ಬದುಕಿದ್ದಾಗ ಈ ಮನುಷ್ಯ ಒಂದು ಅಳಿಲಿಗೂ ಸರಿಯಾಗಿ ಗುರಿ ಇಡ್ಲಿಲ್ಲ. ಸತ್ತ ಮೇಲಾದ್ರೂ ಮುಟ್ಲಿ." ನಾನು ನಕ್ಕೆ. ಆಮೇಲೆ ನಗಬಾರದಿತ್ತೇನೋ ಎಂದು ಎರಡು ದಿನ ಕೊರಗಿದೆ.

ಟೋಪಿಯನ್ನು ಮೂರು ಸಲ ಕುದಿಸಿದೆ, ಉಣ್ಣೆ ಕುಗ್ಗಿ ದಪ್ಪಗಾಗುವವರೆಗೂ. ಕುರಿಕೊಬ್ಬು ಎರಡು ಪಾಲು, ಜೇನುಮೇಣ ಒಂದು ಪಾಲು. ಕೊಬ್ಬಿಗೆ ಉಪ್ಪು ಸೋಕಿಲ್ಲ. ಉಪ್ಪಿದ್ದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಬಿಲ್ಲೆ ಹಿಂಡಿದರೆ ತೊಟ್ಟಿಕ್ಕಬಾರದು, ಮುಟ್ಟಿದರೆ ಬೆರಳಿಗೆ ಜಿಡ್ಡು ತಾಗಬೇಕು, ಹಾಗಿದೆ. ಕೊಳ್ಳುವವರಿಗೆ ಹೇಳು, ತುಂಬಿದ ರಿವಾಲ್ವರನ್ನು ವಾರಗಟ್ಟಲೆ ಇಡಬಾರದು, ಜಿಡ್ಡು ಕೆಳಗಿಳಿದು ಕರಿಮದ್ದು ಸತ್ತುಹೋಗುತ್ತದೆ. ಮದ್ದಿನ ಮೇಲೆ ಬಿಲ್ಲೆ, ಬಿಲ್ಲೆಯ ಮೇಲೆ ಸೀಸದ ಗುಂಡು. ಬಿಲ್ಲೆ ಬಿಗಿಯಾಗಿ ಕೂರದಿದ್ದರೆ ಉರುಳೆಯಲ್ಲಿ ಗುಂಡು ತುಂಬುವ ಒಂದು ಗೂಡಿನ ಬೆಂಕಿ ಪಕ್ಕದ ಗೂಡಿಗೆ ಹಾರುತ್ತದೆ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆಯದಿದ್ದರೆ ನನಗೆ ತುತ್ತು ಇಳಿಯುವುದಿಲ್ಲ.

ನಿನ್ನ ಗುರಿ ಕ್ಲಬ್ಬಿನ ಗೆಳೆಯ ಎವರೆಟ್ ಸ್ಪ್ರೇಗ್ ಅವರಿಗೆ ತಿಳಿಸು, ನಾಲ್ಕು ವರ್ಷದ ಹಿಂದೆ ನಿನ್ನ ಜೊತೆ ಬಂದಾಗ ಅವರು ಬಿಚ್ಚಿ ಜೋಡಿಸಿದ ಗೋಡೆ ಗಡಿಯಾರ ಇವತ್ತಿಗೂ ಒಂದು ನಿಮಿಷ ತಪ್ಪಿಲ್ಲ.

ನಿನ್ನ ಅಕ್ಕ
ಆಲ್ವರ್ಡಾ

(ಬರಹದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದು. ನಾಲ್ಕನೇ ಕ್ಲಾಸಿನವಳ ಕೈ.)


ಇಂಡಿಯಾನಾ
ಮಾರ್ಚ್ 14

ಅಕ್ಕಾ,

ಡಬ್ಬಿ ಬಂದವು. ಯಾರ ಮದುವೆಯೂ ನಿಲ್ಲಲಿಲ್ಲ.

ಬಂದ ವಾರದಲ್ಲೇ ಖಾಲಿ. ಗುರಿ ಪಂದ್ಯಕ್ಕೆ ಬಂದವರು ನನ್ನ ಮೇಜಿನ ಮುಂದೆ ನಿಂತು "ಆಲ್ವರ್ಡಾ ಬಿಲ್ಲೆ ಇದೆಯೇನಯ್ಯಾ?" ಎಂದೇ ಕೇಳುತ್ತಾರೆ, ನನ್ನ ಹೆಸರು ಯಾರಿಗೂ ಬೇಡ. ಮೂವತ್ತು ಗುಂಡು ಹಾರಿಸಿದರೂ ಮಸಿ ಗಟ್ಟಿಯಾಗುವುದಿಲ್ಲ, ಉರುಳೆ ಸಲೀಸಾಗಿ ತಿರುಗುತ್ತದೆ ಅನ್ನುತ್ತಾರೆ. ಮೇ ತಿಂಗಳ ಪಂದ್ಯಕ್ಕೆ ಇಪ್ಪತ್ತು ಡಬ್ಬಿ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೇನೆ.

ಟೋಪಿ ಸಾಲದು ಅನ್ನಬೇಡ. ಜನ ಸಾಯಲಿ ಎಂದು ಕಾಯುತ್ತ ಕೂತರೆ ಆಗುತ್ತದೆಯೇ? ಇಲ್ಲಿ ಮಕ್ಕಳ ಕೈಕೆಲಸದ ಅಂಗಡಿಯಲ್ಲಿ ಫೆಲ್ಟ್ ಹಾಳೆ ಹಾಳೆಯಾಗಿ ಸಿಗುತ್ತದೆ. ಬೂದು ಬಣ್ಣದ್ದೂ ಇದೆ, ನಿನ್ನ ಆರ್ಲೊನ ಟೋಪಿಯ ಬಣ್ಣವೇ. ಬೇಕಾದರೆ ಒಂದು ಕಟ್ಟು ಕಳಿಸುತ್ತೇನೆ.

ಡೆಲ್ಮರ್


ಹಿಕರಿ ಕೊಳ್ಳ
ಮಾರ್ಚ್ 27

ತಮ್ಮಾ,

ಆ ಹಾಳೆ ಬೇಡ. ಕಳಿಸಬೇಡ, ನೀನೂ ಮುಟ್ಟಬೇಡ. ಅದು ಉಣ್ಣೆಯಲ್ಲ. ಚರ್ಚಿನಲ್ಲಿ ಮಕ್ಕಳು ಅದರಲ್ಲಿ ಹಕ್ಕಿ ಕತ್ತರಿಸಿ ಮಾಡಿದ್ದರು, ಒಂದು ಹಕ್ಕಿ ಒಲೆಯ ಮೇಲೆ ಬಿದ್ದು ಕ್ಷಣದಲ್ಲಿ ಮುದುಡಿ ಬೆಲ್ಲದ ಪಾಕದ ಹಾಗೆ ಇಳಿದುಹೋಯಿತು. ಉಣ್ಣೆ ಜಿಡ್ಡನ್ನು ಕುಡಿಯುತ್ತದೆ, ಬೆಂಕಿ ತಗುಲಿದರೆ ಕರಕಾಗಿ ಅಲ್ಲೇ ನಿಲ್ಲುತ್ತದೆ. ಇದು ಕುಡಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಗೂಡಿನೊಳಗೆ ಮುದುಡಿದರೆ ಬದಿಯಲ್ಲಿ ಸಂದಿ ಬಿಡುತ್ತದೆ, ಆ ಸಂದಿ ಸಾಕು ಬೆಂಕಿಗೆ.

ಏಳು ಡಬ್ಬಿ ಮಾಡಬಲ್ಲೆ. ಈ ಚಳಿಗಾಲ ಕೊಳ್ಳದಲ್ಲಿ ಮತ್ತಾರೂ ಸಾಯಲಿಲ್ಲ, ದೇವರ ದಯೆ. ಹೀಗೆ ಬರೆಯುವಾಗ ಯಾರೂ ಸಾಯದ್ದಕ್ಕೆ ನಾನು ಬೇಸರಪಟ್ಟ ಹಾಗೆ ಕಾಣುತ್ತದೆ, ಹಾಗಲ್ಲ. ಓಪಲ್‌ಗೆ ನಿನ್ನ ಇಪ್ಪತ್ತು ಡಬ್ಬಿಯ ಮಾತು ಹೇಳಿದೆ. "ಅಕ್ಕ ಟೋಪಿ ಕತ್ತರಿಸ್ತಾಳೆ, ತಮ್ಮ ಊರಿಗೆಲ್ಲ ಟೋಪಿ ಹಾಕ್ತಾನೆ" ಅಂದಳು. ಅವಳ ಬಾಯಿ ಹಾಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮಾತು ಕೊಟ್ಟವರಿಗೆ ಕ್ಷಮೆ ಕೇಳು. ಕ್ಷಮೆ ಕೇಳಿದರೆ ಯಾರೂ ಸಾಯುವುದಿಲ್ಲ.

ಆಲ್ವರ್ಡಾ


ಇಂಡಿಯಾನಾ
ಮೇ 9

ಅಕ್ಕಾ,

ಇದನ್ನು ಹೇಗೆ ಬರೆಯುವುದೆಂದು ತಿಳಿಯದೆ ಮೂರು ದಿನ ಕಳೆದೆ. ಶನಿವಾರದ ಪಂದ್ಯದಲ್ಲಿ ಎವರೆಟ್‌ನ ರಿವಾಲ್ವರಿನಲ್ಲಿ ಒಂದು ಗೂಡು ಹಾರಿದಾಗ ಅಕ್ಕಪಕ್ಕದ ಎರಡು ಗೂಡೂ ಒಟ್ಟಿಗೇ ಹಾರಿದವು. ಸೀಸದ ಚೂರು ಸಿಡಿದು ಬಲಗಣ್ಣಿಗೆ ಹೊಕ್ಕಿತು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಕಣ್ಣು ಉಳಿಯಲಿಲ್ಲ.

ಯಾರ ಬಿಲ್ಲೆ ಎಂದು ಕ್ಲಬ್ಬಿನವರು ಕೇಳಿದರು. ಡಬ್ಬಿಯ ಮೇಲೆ ನಿನ್ನ ಹೆಸರಿತ್ತು. ಜಿಡ್ಡು ಸಾಲದೆ ಒಣಗಿ ಕುಗ್ಗಿದ್ದಿರಬೇಕು ಎಂದು ಮಾತಾಡಿಕೊಂಡರು. ನಿನ್ನ ಹೆಸರಿನ ಡಬ್ಬಿ ಬಳಸಬಾರದು ಎಂದು ಹಲಗೆಯ ಮೇಲೆ ಬರೆದಿದ್ದಾರೆ. ಬೈದವರು ಯಾರೂ ಇಲ್ಲ. ವಯಸ್ಸಾಯಿತು, ಕೈ ತಪ್ಪಿರಬೇಕು ಎಂದರು ಅಷ್ಟೆ.

ತಲೆ ಕೆಡಿಸಿಕೊಳ್ಳಬೇಡ.

ಡೆಲ್ಮರ್


ಹಿಕರಿ ಕೊಳ್ಳ
ಮೇ 16

ಡೆಲ್ಮರ್,

ನಿನ್ನ ಕಾಗದವನ್ನು ಅಂಚೆಪೆಟ್ಟಿಗೆಯ ಹತ್ತಿರ ನಿಂತೇ ಓದಿದೆ. ಮನೆಗೆ ಹೇಗೆ ಬಂದೆ ಎಂದು ನೆನಪಿಲ್ಲ.

ಅವರು ಗಡಿಯಾರ ನೋಡುವಾಗ ಭೂತಗನ್ನಡಿಯನ್ನು ಯಾವ ಕಣ್ಣಿಗೆ ಇಟ್ಟುಕೊಳ್ಳುತ್ತಿದ್ದರು? ಬಲಗಣ್ಣಿಗೇ ಅಲ್ಲವೇ? ಇಲ್ಲಿ ಮೇಜಿನ ಮುಂದೆ ಕೂತಿದ್ದ ರೀತಿಯನ್ನು ನೆನಪು ಮಾಡಿಕೊಂಡು ಮಾಡಿಕೊಂಡು ನೋಡುತ್ತಿದ್ದೇನೆ. ಎಡಗಣ್ಣು ಎಂದು ಬರೆದುಬಿಡು.

ತಪ್ಪು ಎಲ್ಲಾಯಿತು ಎಂದು ನನಗೆ ಗೊತ್ತು. ಎರಡನೆಯ ಬಟ್ಟಲು. ಬಿಲ್ಲೆಗಳನ್ನು ಅದ್ದುತ್ತಿದ್ದಾಗ ಓಪಲ್ ಬಂದಳು, ಅವಳ ಹಸು ಬೇಲಿಗೆ ಸಿಕ್ಕಿಕೊಂಡಿತ್ತು. ಬಟ್ಟಲನ್ನು ಒಲೆಯಿಂದ ಇಳಿಸಿ ಓಡಿದೆ. ಬಂದು ನೋಡಿದರೆ ಕೊಬ್ಬಿನ ಮೇಲೆ ಕೆನೆ ಕಟ್ಟಿತ್ತು. ಮತ್ತೆ ಕಾಯಿಸಿಯೇ ಅದ್ದಿದೆ ಎಂದುಕೊಂಡಿದ್ದೆ. ಕಾಯಿಸಿದೆನೋ ಇಲ್ಲವೋ. ಒಮ್ಮೆ ಕಾಯಿಸಿದ್ದು ಕಣ್ಣಿಗೆ ಕಟ್ಟುತ್ತದೆ, ಒಮ್ಮೆ ಇಲ್ಲ. ಓಪಲ್‌ಳನ್ನೇ ಕೇಳಿದೆ. "ನಂಗೇನೇ ಗೊತ್ತು, ನಾನು ಹಸು ಹಿಡ್ಕೊಂಡಿದ್ದೆ" ಅಂದಳು.

ಅವರಿಗೆ ನಾನು ಬರೆಯಬೇಕು. ಏನೆಂದು ಬರೆಯಲಿ, ಹೇಳು.

ಆಲ್ವರ್ಡಾ


ಇಂಡಿಯಾನಾ
ಜೂನ್ 2

ಅಕ್ಕಾ,

ಬರೆಯಬೇಡ. ಉದ್ವೇಗ ಆಗಬಾರದು ಎಂದು ಡಾಕ್ಟರು ಹೇಳಿದ್ದಾರೆ. ನಿನ್ನ ಹೆಸರು ಎತ್ತಿದರೆ ಎವರೆಟ್ ಗೋಡೆಯ ಕಡೆ ತಿರುಗುತ್ತಾನೆ. ಏನಾದರೂ ಹೇಳುವುದಿದ್ದರೆ ನನಗೆ ಕಳಿಸು, ಸಮಯ ನೋಡಿ ಮುಟ್ಟಿಸುತ್ತೇನೆ.

ಬಲಗಣ್ಣೇ.

ಡೆಲ್ಮರ್


ಹಿಕರಿ ಕೊಳ್ಳ
ಜುಲೈ 8

ತಮ್ಮಾ,

ಇದರ ಜೊತೆ ಅವರಿಗೊಂದು ಕಾಗದವಿದೆ, ಮೂರನೆಯದು. ಮೊದಲಿನ ಎರಡಕ್ಕೆ ಉತ್ತರ ಬರಲಿಲ್ಲ, ಬರಬೇಕೆಂದೂ ಇಲ್ಲ. ಕ್ಷಮಿಸಿ ಎಂದು ಬರೆದಿಲ್ಲ. ನನ್ನಿಂದ ಆಯಿತು ಎಂದಷ್ಟೇ ಬರೆದಿದ್ದೇನೆ. ಎರಡು ಬಾಟಲಿ ಜೇನು ಇದೆ, ಕಾಡುಲಿಂಡನ್ ಮರದ ಹೂವಿನದು, ಅವರು ಇಲ್ಲಿದ್ದಾಗ ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದಿದ್ದರು.

ಈಗ ನಾನು ಯಾವುದನ್ನೂ ನಂಬಿ ಬಿಟ್ಟು ಬರಲಾರೆ. ಒಲೆ ಆರಿಸಿ ಹೊರಗೆ ಹೋಗುತ್ತೇನೆ, ಆರಿಸಿದೆನೇ ಎಂದು ವಾಪಸು ಬರುತ್ತೇನೆ. ಮೊನ್ನೆ ಚರ್ಚಿನ ಅರ್ಧ ದಾರಿಯಿಂದ ಮೂರು ಸಲ ತಿರುಗಿ ಬಂದೆ, ಕೊನೆಗೆ ಪ್ರಾರ್ಥನೆಯೇ ಮುಗಿಯಿತು. ಗಿಬ್‌ಸನ್ ಮುದುಕ ತೀರಿಕೊಂಡ, ಅವನ ಮಗಳು ಟೋಪಿ ತಂದಳು, ಬೇಡ ಎಂದೆ. "ಯಾಕೆ, ನಮ್ಮಪ್ಪನ ಟೋಪಿ ಅಷ್ಟು ಹಳೇದಾ?" ಎಂದು ಮುಖ ಊದಿಸಿಕೊಂಡು ಹೋದಳು. ನನ್ನ ಕೈ ಸರಿಯಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ.

ಆ ಪಂದ್ಯದ ಡಬ್ಬಿಗಳಲ್ಲಿ ಯಾವುದಾದರೂ ಉಳಿದಿದ್ದರೆ ವಾಪಸು ಕಳಿಸು. ಎಷ್ಟು ಒಣಗಿತ್ತು ಎಂದು ನನ್ನ ಬೆರಳಿಂದ ಮುಟ್ಟಿ ನೋಡಬೇಕು. ನೋಡದೆ ಇದು ಮುಗಿಯುವುದಿಲ್ಲ.

ಆಲ್ವರ್ಡಾ


ಹಿಕರಿ ಕೊಳ್ಳ
ಆಗಸ್ಟ್ 25

ಡೆಲ್ಮರ್,

ಡಬ್ಬಿ ಕಳಿಸು. ಜೇನು ತಲುಪಿತೇ?

ಆಲ್ವರ್ಡಾ


ಇಂಡಿಯಾನಾ
ಸೆಪ್ಟೆಂಬರ್ 11

ಅಕ್ಕಾ,

ಬೇಸಿಗೆಯೆಲ್ಲ ಓಡಾಟ, ಬರೆಯಲಾಗಲಿಲ್ಲ. ನೀನು ಬಿಡುವವಳಲ್ಲ, ತಗೋ, ಒಂದು ಡಬ್ಬಿ ಕಳಿಸಿದ್ದೇನೆ. ಮುಟ್ಟಿ ನೋಡು, ಅತ್ತು ಮುಗಿಸು, ಆಮೇಲೆ ಈ ವಿಷಯ ಎತ್ತಬೇಡ. ಎವರೆಟ್ ಜೇನು ತಿಂದ.

ಮನುಷ್ಯರಿಗೆ ಮರೆವು ಬೇಗ. ಹಲಗೆಯ ಮೇಲಿನ ಬರಹ ಮಳೆಗೆ ಅಳಿಸಿಹೋಗಿದೆ, ನಾಲ್ಕಾರು ಜನ ಮತ್ತೆ ನಿನ್ನ ಬಿಲ್ಲೆ ಕೇಳುತ್ತಿದ್ದಾರೆ. ನಿನ್ನ ಹೆಸರು ಹಾಕದೆ ಕೊಡಬಹುದು. ಯೋಚಿಸು.

ಡೆಲ್ಮರ್


ಹಿಕರಿ ಕೊಳ್ಳ
ಸೆಪ್ಟೆಂಬರ್ 24

ಡೆಲ್ಮರ್,

ಡಬ್ಬಿ ನನ್ನದು. ಮುಚ್ಚಳದ ಮೇಲಿನ ಅಕ್ಷರವೂ ನನ್ನದು. ಒಳಗಿನ ಬಿಲ್ಲೆ ನನ್ನದಲ್ಲ.

ಮೊದಲು ಬೆರಳಿಂದ ಒರೆಸಿದೆ. ಜಿಡ್ಡೆಲ್ಲ ಬೆರಳಿಗೆ ಬಂತು, ಬಿಲ್ಲೆ ಒಳಗೆ ಒಣಗಿ ಹಗುರಾಗಿತ್ತು, ಒಂದು ಹನಿಯನ್ನೂ ಕುಡಿದಿರಲಿಲ್ಲ. ಆಗಲೂ ನನ್ನದೇ ತಪ್ಪು ಎಂದುಕೊಂಡೆ. ಆಮೇಲೆ ಚಿಮಟದಲ್ಲಿ ಹಿಡಿದು ಬೆಂಕಿಕಡ್ಡಿ ತಾಗಿಸಿದೆ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಇದು ಮುದುಡಿತು, ಕರಗಿತು, ಒಂದು ಹನಿ ನನ್ನ ಹೆಬ್ಬೆರಳ ಮೇಲೆ ಬಿದ್ದು ಅಂಟಿಕೊಂಡಿತು. ತೊಳೆದರೆ ಬರಲಿಲ್ಲ, ಚರ್ಮದ ಜೊತೆಗೇ ಕಿತ್ತುಬಂತು. ಡಬ್ಬಿಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಸುಟ್ಟೆ. ಒಂದಾದರೂ ನನ್ನದಿರಲಿ, ನಿನ್ನ ಮೇಲೆ ಸುಮ್ಮನೆ ಅನುಮಾನ ಪಟ್ಟೆ ಎಂದಾಗಲಿ ಎಂದು ಸುಟ್ಟೆ. ಒಂದೂ ನನ್ನದಲ್ಲ.

ನೀನು ಆ ಅಂಗಡಿಯ ಹಾಳೆ ಕತ್ತರಿಸಿ ಏಳು ಡಬ್ಬಿಯನ್ನು ಇಪ್ಪತ್ತು ಮಾಡಿದೆ. ನನ್ನ ಹಳೆಯ ಡಬ್ಬಿಗಳಲ್ಲೇ ತುಂಬಿದೆ.

"ಅವಸರ ಇತ್ತು, ಮಾತು ಕೊಟ್ಟಿದ್ದೆ, ಅನಾಹುತ ಆಗುತ್ತದೆ ಎಂದುಕೊಂಡಿರಲಿಲ್ಲ." ಇದೆಲ್ಲ ನಾನೇ ನಿನ್ನ ಪರವಾಗಿ ಹೇಳಿಕೊಂಡು ನೋಡಿದೆ. ಆಗಬಹುದು. ನನಗೆ ನಿನ್ನಿಂದ ಒಂದೇ ಸಾಲು ಬೇಕು. "ಅದು ನಾನು ಮಾಡಿದ್ದು, ಅಕ್ಕ ಮಾಡಿದ್ದಲ್ಲ." ಕ್ಲಬ್ಬಿಗೆ ಬರೆಯಬೇಕಿಲ್ಲ, ಊರಿಗೆ ಸಾರಬೇಕಿಲ್ಲ. ನನಗೆ ಬರೆ. ನಿನ್ನ ಕೈಯಕ್ಷರದಲ್ಲಿ. ಅದನ್ನು ಇಟ್ಟುಕೊಂಡರೆ ಒಲೆ ಆರಿಸಿದ ಮೇಲೆ ಆರಿಸಿದೆ ಎಂದು ನಂಬಬಲ್ಲೆ.

ಆಲ್ವರ್ಡಾ


ಇಂಡಿಯಾನಾ
ಅಕ್ಟೋಬರ್ 15

ಅಕ್ಕಾ,

ಯಾವ ಬಿಲ್ಲೆ ಯಾವ ಡಬ್ಬಿಗೆ ಸೇರಿತು ಎಂದು ಈಗ ಯಾರು ಹೇಳಬಲ್ಲರು? ಎವರೆಟ್ ಅವತ್ತು ಮದ್ದನ್ನೂ ಹೆಚ್ಚು ಹಾಕಿದ್ದ. ಕನ್ನಡಕ ಹಾಕಿರಲಿಲ್ಲ. ಒಂದು ಅನಾಹುತಕ್ಕೆ ಹತ್ತು ಕಾರಣ ಇರುತ್ತದೆ.

ನನ್ನ ಸ್ಥಿತಿಯನ್ನೂ ನೋಡು. ಇಲ್ಲಿ ನನಗೆ ವಾಂಡಾ ಇದ್ದಾಳೆ, ಇಬ್ಬರು ಮಕ್ಕಳಿದ್ದಾರೆ. ಶನಿವಾರ ಬಂದರೆ ಆ ಜನದ ಮುಖವನ್ನೇ ನೋಡಬೇಕು. ನಿನಗೆ ಅಲ್ಲಿ ಏನು? ಕೊಳ್ಳದಲ್ಲಿ ನಿನ್ನತ್ತ ಬೆರಳು ತೋರಿಸುವವರು ಯಾರು? ಇಂಡಿಯಾನಾದಲ್ಲಿ ಆಲ್ವರ್ಡಾ ಎಂಬ ಹೆಸರು ಕೆಟ್ಟರೆ ನಿನ್ನ ಜೇನುಹುಳಕ್ಕೆ ತಿಳಿಯುತ್ತದೆಯೇ? ಚಿಕ್ಕಂದಿನಿಂದ ನನ್ನ ಎಷ್ಟೋ ಭಾರ ಹೊತ್ತವಳು ನೀನು. ಇದೊಂದನ್ನೂ ಹೊತ್ತುಕೋ.

ಇಂಥದನ್ನು ಕಾಗದದಲ್ಲಿ ಬರೆಸಿಕೊಳ್ಳುವುದು ಒಡಹುಟ್ಟಿದವರ ಲಕ್ಷಣವಲ್ಲ.

ಡೆಲ್ಮರ್


ಹಿಕರಿ ಕೊಳ್ಳ
ನವೆಂಬರ್ 6

ಡೆಲ್ಮರ್,

ನಾನು ನಿಮ್ಮ ಊರಿಗೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ.

ಎರಡು ಬಸ್ಸು ಬದಲಿಸಿದೆ. ಬಸ್ಸು ತಪ್ಪಿದರೆ, ಹತ್ತಿದ್ದು ತಪ್ಪು ಬಸ್ಸಾದರೆ, ಅವರು ಬಾಗಿಲು ತೆರೆಯದಿದ್ದರೆ ಎಂದು ದಾರಿಯುದ್ದಕ್ಕೂ ಟಿಕೆಟನ್ನು ತೆಗೆದು ತೆಗೆದು ನೋಡುತ್ತಿದ್ದೆ. ದೊಡ್ಡ ನದಿಯನ್ನು ದಾಟಿದ್ದು ಈ ವಯಸ್ಸಿಗೆ ಅದೇ ಮೊದಲು, ಕಣ್ಣು ಮುಚ್ಚಿಕೊಂಡೇ ದಾಟಿದೆ.

ಅವರೇ ಬಾಗಿಲು ತೆರೆದರು. ನನ್ನನ್ನು ನೋಡಲು ಮುಖವನ್ನು ಓರೆ ಮಾಡಬೇಕಾಯಿತು.

"ಆಲ್ವರ್ಡಾ? ಏನಾಯ್ತು, ಗಡಿಯಾರ ನಿಂತುಹೋಯ್ತಾ?" ಎಂದರು.

"ಇಲ್ಲ, ನಡೀತಾ ಇದೆ."

"ಮತ್ತೆ ಇಷ್ಟು ದೂರ ಬಂದಿದೀರಿ. ಒಳಗೆ ಬನ್ನಿ, ಕಾಫಿ ಇದೆ, ಬೆಳಗಿಂದು. ಕುಡಿದು ಸತ್ತವರು ಯಾರೂ ಇಲ್ಲ."

ನಾನು ಕೋಟು ಬಿಚ್ಚಲಿಲ್ಲ. ಸುಡುವಾಗ ಒಂದು ಬಿಲ್ಲೆಯನ್ನು ಅರ್ಧಕ್ಕೆ ಆರಿಸಿ ಇಟ್ಟುಕೊಂಡಿದ್ದೆ, ಅದನ್ನು ಮೇಜಿನ ಮೇಲಿಟ್ಟೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. "ಇದು ನಂದಲ್ಲ" ಎಂದಷ್ಟೇ ಬಂತು.

ಅವರು ಅದನ್ನು ಮುಟ್ಟಲೂ ಇಲ್ಲ. "ನಿಮ್ಮದಲ್ಲ ಅಂತ ಗೊತ್ತಲ್ಲ. ಆಸ್ಪತ್ರೆಯಿಂದ ಬಂದು ಜೂನ್‌ನಲ್ಲೇ ರಿವಾಲ್ವರ್ ಬಿಚ್ಚಿದೆ. ಹಾರಿದ ಗೂಡಲ್ಲಿ ಉಣ್ಣೆ ಕರಕು ಎಲ್ಲಿತ್ತು, ಬದಿಗೆ ಅಂಟಿಕೊಂಡ ಗೋಂದು. ಅವತ್ತೇ ಡೆಲ್ಮರ್‌ನ ಕರೆಸಿ ತೋರಿಸ್ದೆ. ಇದೇ ಕುರ್ಚಿಲಿ ಕೂತು ಅತ್ತ. ಮಕ್ಕಳಿದಾರೆ, ಕ್ಲಬ್ಬಿಗೆ ಹೇಳ್ಬೇಡ ಅಂದ. ಹೇಳಲ್ಲ, ಆದ್ರೆ ನಿಮ್ಮಕ್ಕನಿಗೆ ಬರೆದು ತಿಳಿಸು, ಆಕೆ ಸುಮ್ನೆ ಕೊರಗ್ತಾರೆ ಅಂದೆ. ಆಮೇಲೊಂದ್ಸಲ ಬಂದು, ಬರೆದೆ, ಅಕ್ಕ ಸಮಾಧಾನವಾಗಿದಾಳೆ ಅಂದ."

"ಯಾವಾಗ ಅಂದ?"

"ಜುಲೈ ಇರ್ಬೇಕು."

ಜುಲೈಯಲ್ಲಿ ನಾನು ಚರ್ಚಿನ ದಾರಿಯಿಂದ ಮೂರು ಸಲ ವಾಪಸು ಬರುತ್ತಿದ್ದೆ.

ಆಮೇಲೆ ಅವರು ಕಾಫಿ ಸುರಿದು ನನ್ನ ಮುಂದಿಟ್ಟು ಕೇಳಿದರು, "ಬೇಜಾರು ಮಾಡ್ಕೋಬೇಡಿ. ನೀವ್ಯಾಕೆ ನಂಗೆ ಒಂದು ಸಾಲೂ ಬರೀಲಿಲ್ಲ? ನಿಮ್ಮ ತಪ್ಪಲ್ಲದೇ ಇದ್ರೂ, ಕಣ್ಣು ಹೇಗಿದೆ ಅಂತಾದ್ರೂ?"

"ಮೂರು ಸಲ ಬರ್ದೆ. ಜೇನೂ ಕಳಿಸ್ದೆ."

"ನಂಗೇನೂ ಬರ್ಲಿಲ್ಲ. ಡೆಲ್ಮರ್‌ನ ಕೇಳಿದ್ದೆ. ಅಕ್ಕಂಗೆ ಓದು ಬರಹ ಅಷ್ಟಾಗಿ ಬರಲ್ಲ, ಕಾಗದ ಬರೆಯೋಕೆ ನಾಚಿಕೊಳ್ತಾಳೆ ಅಂದ."

ಡೆಲ್ಮರ್, ಅಮ್ಮ ಹಾಸಿಗೆ ಹಿಡಿದಾಗ ನಿನಗೆ ಮೂರು ವರ್ಷ. ನಿನ್ನನ್ನು ನೋಡಿಕೊಳ್ಳಲು ನನ್ನನ್ನು ಶಾಲೆ ಬಿಡಿಸಿದರು. ಅದನ್ನು ನಾನು ಈವರೆಗೆ ನಿನಗೆ ಎತ್ತಿ ಆಡಿರಲಿಲ್ಲ. ನೀನೇ ಅದನ್ನು ಎತ್ತಿಕೊಂಡು ಹೋಗಿ ಇನ್ನೊಬ್ಬರ ಮನೆಯಲ್ಲಿ ಹೇಳಿದೆ, ಅದೂ ನನ್ನ ಕಾಗದಗಳನ್ನು ಜೇಬಿನಲ್ಲಿ ಇಟ್ಟುಕೊಂಡು.

ಕಣ್ಣಿನ ವಿಷಯ ನಿನ್ನದು ಮತ್ತು ಅವರದು. ಅವರು ನಿನ್ನನ್ನು ಕ್ಷಮಿಸಿದ್ದಾರಂತೆ, ಅದು ಅವರ ದೊಡ್ಡತನ. ನನ್ನದು ಬೇರೆ ಲೆಕ್ಕ. ಜೂನ್‌ನಿಂದ ನಿಮ್ಮಿಬ್ಬರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ, ತಪ್ಪು ಮಾಡಿದವಳೂ ನಾನೊಬ್ಬಳೇ ಆಗಿದ್ದೆ.

ಕೇಳಿದ್ದ ಸಾಲು ಇನ್ನೂ ಬೇಕು. ಈಗ ಮುಚ್ಚಿಡಲು ನಿನಗೆ ಏನೂ ಉಳಿದಿಲ್ಲ, ಬರೆಯುವುದು ಸುಲಭವಾಗಬೇಕು.

ಆಲ್ವರ್ಡಾ


ಇಂಡಿಯಾನಾ
ನವೆಂಬರ್ 28

ನನ್ನ ಪ್ರೀತಿಯ ಅಕ್ಕಾ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ವಾಂಡಾ ಏನಾಯಿತೆಂದು ಕೇಳಿದಳು, ಹೊಟ್ಟೆ ಸರಿಯಿಲ್ಲ ಎಂದೆ. ಇಷ್ಟು ದೂರ ಬಂದು ಮನೆಗೆ ಬಾರದೆ ಹೋದೆಯಲ್ಲ, ಮಕ್ಕಳು ನಿನ್ನನ್ನು ನೋಡಿ ಎಷ್ಟು ವರ್ಷವಾಯಿತು.

ನನಗೆ ಅಮ್ಮನ ಮುಖ ನೆನಪಿಲ್ಲ. ನನಗೆ ಅಮ್ಮ ಎಂದರೆ ನೀನೇ. ಸೊಂಟದ ಮೇಲೆ ಕೂರಿಸಿಕೊಂಡು ತೊರೆ ದಾಟಿಸುತ್ತಿದ್ದೆ, ನನಗೆ ಜ್ವರ ಬಂದಾಗ ನೀನು ಅಳುತ್ತಿದ್ದೆ. ಎಲ್ಲ ನೆನಪಿದೆ. ಮನುಷ್ಯನಿಗೆ ಹೆದರಿಕೆ ಹೊಕ್ಕರೆ ಬಾಯಿಗೆ ಬಂದದ್ದು ಆಡುತ್ತಾನೆ. ಓದು ಬರಹದ ಮಾತು ಅಂಥದ್ದು, ಅದರಲ್ಲಿ ಅವಮಾನದ ಉದ್ದೇಶವಿರಲಿಲ್ಲ. ನಿನ್ನ ಕಾಗದಗಳನ್ನು ಹರಿದಿಲ್ಲ, ಎಲ್ಲೋ ಇವೆ. ಜೇನನ್ನು ಮಕ್ಕಳು ತಿಂದರು, ಅತ್ತೆಯ ಜೇನು ಎಂದು ಹೇಳಿಯೇ ಕೊಟ್ಟೆ.

ಆದದ್ದು ಆಗಿಹೋಯಿತು. ಯಾರದೋ ಕೈಯಿಂದ ತಪ್ಪಾಯಿತು, ಎಲ್ಲರೂ ನೊಂದಿದ್ದೇವೆ. ಎವರೆಟ್ ಮತ್ತೆ ಕ್ಲಬ್ಬಿಗೆ ಬರುತ್ತಿದ್ದಾನೆ, ಎಡಗಣ್ಣಲ್ಲಿ ಗುರಿ ಹಿಡಿಯುವುದನ್ನು ಕಲಿಯುತ್ತಿದ್ದಾನೆ. ನಿನ್ನ ಬಿಲ್ಲೆಯ ಮೇಲೆ ಅವನಿಗೆ ಸಂಶಯವಿಲ್ಲ ಎಂದು ಎಲ್ಲರ ಮುಂದೆ ಹೇಳಿದ. ಹಾಗಾಗಿ ಮಾತು ಮತ್ತೆ ನಿನ್ನ ಪರವಾಗಿ ತಿರುಗಿದೆ. ಈ ಸಲ ಹತ್ತೇ ಡಬ್ಬಿ ಸಾಕು, ಅವಸರವಿಲ್ಲ, ಹೆಸರೂ ನಿನ್ನದೇ ಇರಲಿ.

ಒಲೆಯ ಬಗ್ಗೆ ಬರೆದಿದ್ದೆಯಲ್ಲ, ಅದಕ್ಕೊಂದು ಗುಳಿಗೆ ಬರುತ್ತದಂತೆ, ಡಾಕ್ಟರನ್ನು ಕೇಳು. ಕ್ರಿಸ್ಮಸ್ಸಿಗೆ ಬಾ. ಬಸ್ಸಿನ ಹತ್ತಿರ ನಾನೇ ನಿಂತಿರುತ್ತೇನೆ.

ಎಂದಿಗೂ ನಿನ್ನ ತಮ್ಮ
ಡೆಲ್ಮರ್


ಹಿಕರಿ ಕೊಳ್ಳ
ಡಿಸೆಂಬರ್ 14

ಡೆಲ್ಮರ್,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಆ ಸಾಲು ಅದರಲ್ಲಿಲ್ಲ. ನನಗೆ ಓದು ಅಷ್ಟಾಗಿ ಬರುವುದಿಲ್ಲವಲ್ಲ, ಅದಕ್ಕೆ ಕಾಗದವನ್ನು ಎವರೆಟ್ ಅವರಿಗೆ ಕಳಿಸಿದೆ. ಉಳಿದ ಕಣ್ಣಲ್ಲಿ ಎರಡು ದಿನ ಹುಡುಕಿದರಂತೆ. ಅವರಿಗೂ ಸಿಗಲಿಲ್ಲ.

ಆಲ್ವರ್ಡಾ